ತೋಟದ ರಸ್ತೆಯಲ್ಲಿ ಬೈಕ್ ವಿಡಿಯೊ ಮಿನುಗುತ್ತೆ, ಏನು ಮಾಡ್ಲಿ ಅಣ್ಣ?

ಪ್ರಶ್ನೆ, ಮೂಡಿಗೆರೆಯಿಂದ:
ಅಣ್ಣ, ನೀವು ಮದುವೆ, ಹೋಮ್‌ಸ್ಟೇ ಜಾಹೀರಾತು ಎಲ್ಲ ಶೂಟ್ ಮಾಡೋರು ಅಂತ ಗ್ರೂಪಲ್ಲಿ ಹೇಳಿದ್ರು, ಅದಕ್ಕೆ ಕೇಳ್ತಿದ್ದೀನಿ. ನನ್ನದು 350 ಸಿಸಿ ಬುಲೆಟ್. ಹೊಸ ಆ್ಯಕ್ಷನ್ ಕ್ಯಾಮೆರಾ, ಹ್ಯಾಂಡಲ್‌ಗೆ ಕ್ಲ್ಯಾಂಪ್ ಹಾಕಿ ಕೂರಿಸಿದ್ದೀನಿ. ಆಲ್ದೂರು ಮೇಲೆ ಚಿಕ್ಕಮಗಳೂರಿಗೆ ಬರುವಾಗ ತೋಟದ ನೆರಳಲ್ಲಿ ವಿಡಿಯೊ ಒಂದು ಕ್ಷಣ ಬೆಳ್ಳಗೆ, ಮರುಕ್ಷಣ ಕಪ್ಪಗೆ. ಜತೆಗೆ ರಸ್ತೆ ಜೆಲ್ಲಿ ಥರ ಅಲ್ಲಾಡುತ್ತೆ. ಎನ್‌ಡಿ ಫಿಲ್ಟರ್ (ಬೆಳಕು ಇಳಿಸುವ ಗಾಜು) ಹಾಕಿದ್ರೆ ಸಿನಿಮಾ ಥರ ಬರುತ್ತೆ ಅಂದ್ರು, ಹಾಕಿದ ಮೇಲೆ ಇನ್ನೂ ಹಾಳಾಯ್ತು.

ಉತ್ತರ:
ಜೆಲ್ಲಿ ವಿಷಯ ಮೊದಲು ಮುಗಿಸ್ತೀನಿ, ಅದು ಸುಲಭ. ಈ ಕ್ಯಾಮೆರಾಗಳ ಸೆನ್ಸರ್ ಇಡೀ ಚಿತ್ರವನ್ನು ಒಂದೇ ಏಟಿಗೆ ಓದಲ್ಲ, ಒಂದೊಂದೇ ಸಾಲಾಗಿ ಓದುತ್ತೆ. ಸಿಂಗಲ್ ಸಿಲಿಂಡರ್ ಗಾಡಿಯ ಹ್ಯಾಂಡಲ್ ನಡುಗುವ ವೇಗದಲ್ಲಿ ಮೇಲಿನ ಸಾಲು ಒಂದು ಕಡೆ, ಕೆಳಗಿನ ಸಾಲು ಇನ್ನೊಂದು ಕಡೆ ಬೀಳುತ್ತೆ. ಕ್ಯಾಮೆರಾದ ಸ್ಟೆಬಿಲೈಸೇಶನ್ ಕುಲುಕಾಟ ಸರಿ ಮಾಡುತ್ತೆ, ಈ ಸಣ್ಣ ನಡುಕವನ್ನಲ್ಲ. ಹ್ಯಾಂಡಲ್‌ನಿಂದ ಬಿಚ್ಚಿ ಹೆಲ್ಮೆಟ್‌ನ ಗಲ್ಲದ ಹತ್ತಿರ ಕಟ್ಟಿ, ಇಲ್ಲ ಎದೆಗೆ ಹಾಕಿ. ನಿಮ್ಮ ಕುತ್ತಿಗೆ, ಬೆನ್ನು ಅರ್ಧ ನಡುಕ ನುಂಗಿಬಿಡುತ್ತೆ. ಹೆಲ್ಮೆಟ್‌ಗೆ ತೂತು ಮಾತ್ರ ಕೊರೆಯಬೇಡಿ, ಪಟ್ಟಿ ಹಾಕಿ ಕಟ್ಟುವ ಮೌಂಟ್ ಸಿಗುತ್ತೆ.

ಇನ್ನು ಬೆಳಕು. ಆ್ಯಕ್ಷನ್ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿ ಅಪರ್ಚರ್, ಅಂದ್ರೆ ಬೆಳಕು ಒಳಗೆ ಬರೋ ತೂತು, ಬದಲಾಗಲ್ಲ. ಬಿಸಿಲು ಜಾಸ್ತಿಯಾದ್ರೆ ಶಟರ್ (ಬೆಳಕು ಒಳಗೆ ಬೀಳುವ ಸಮಯ) ಒಂದೇ ಅದರ ದಾರಿ, ಬಯಲಲ್ಲಿ ಸೆಕೆಂಡಿನ 1/1600ಕ್ಕೋ ಅದಕ್ಕೂ ವೇಗಕ್ಕೋ ಓಡುತ್ತೆ. ಆ ವೇಗಕ್ಕೆ ರಸ್ತೆಯ ಪ್ರತಿ ಕಲ್ಲೂ ಚೂಪಾಗಿ ಕಾಣುತ್ತೆ, ಓಟ ಕಾಣಲ್ಲ. ಸೆಕೆಂಡಿಗೆ 25 ಫ್ರೇಮ್ (ಚಿತ್ರ) ತೆಗೆಯುವಾಗ ಶಟರ್ 1/50 ಇದ್ರೆ ಕಣ್ಣಿಗೆ ಹಿತವಾದ ಮಸುಕು ಬರುತ್ತೆ. ಎನ್‌ಡಿ32 ಅಂದ್ರೆ ಬೆಳಕಿನ ಮೂವತ್ತೆರಡನೇ ಒಂದು ಭಾಗ ಮಾತ್ರ ಒಳಗೆ ಬಿಡುವ ಗಾಜು. 1/1600 ಇದ್ದದ್ದು ಸರಿಯಾಗಿ 1/50ಕ್ಕೆ ಇಳಿಯುತ್ತೆ. ಲೆಕ್ಕ ಇಷ್ಟೇ.

ಆದ್ರೆ ಈ ಲೆಕ್ಕ ಬಯಲಿನದ್ದು. ನಿಮ್ಮ ಆಲ್ದೂರು ರಸ್ತೆಯಲ್ಲಿ ಸಿಲ್ವರ್ ಓಕ್ ಸಾಲು, ಮಧ್ಯೆ ಬಿಸಿಲಿನ ಚೂರು, ಮತ್ತೆ ನೆರಳು. ಅಲ್ಲಿ ಎನ್‌ಡಿ ಹಾಕಿದ್ರೆ ನೆರಳು ಬಂದಾಗೆಲ್ಲ ಕ್ಯಾಮೆರಾ ಐಎಸ್‌ಒ, ಅಂದ್ರೆ ಬಂದ ಬೆಳಕನ್ನು ಹಿಗ್ಗಿಸುವ ಮಟ್ಟ, ಏರಿಸುತ್ತೆ, ಚಿತ್ರ ಕಾಳುಕಾಳಾಗುತ್ತೆ. ಇನ್ನೊಂದು ಕಾಟ ಇದೆ. ಸ್ಟೆಬಿಲೈಸೇಶನ್ ಫ್ರೇಮನ್ನು ನಿಲ್ಲಿಸುತ್ತೆ, ಆದ್ರೆ ಕುಲುಕಿದಾಗ ಆದ ಮಸುಕು ಒಳಗೇ ಉಳಿಯುತ್ತೆ. ನಿಂತ ಚಿತ್ರದಲ್ಲಿ ಮಸುಕು ಮಾತ್ರ ಪಟಪಟ ಬಡಿದ ಹಾಗೆ ಕಾಣುತ್ತೆ. ನಿಮಗೆ ‘ಇನ್ನೂ ಹಾಳಾಯ್ತು’ ಅನ್ನಿಸಿದ್ದು ಬಹುಶಃ ಇದೇ.

ತೋಟದೊಳಗೆ ಫಿಲ್ಟರ್ ತೆಗೀರಿ. ಶಟರ್ ಆಟೋ ಬಿಡಿ, ಐಎಸ್‌ಒ 100ರಿಂದ 400ರೊಳಗೆ ಕಟ್ಟಿಹಾಕಿ, ಎಕ್ಸ್‌ಪೋಶರ್ ಅರ್ಧ ಸ್ಟಾಪ್ (ಒಂದು ಸ್ಟಾಪ್ ಇಳಿಸಿದ್ರೆ ಬೆಳಕು ಅರ್ಧ) ಕೆಳಗಿಡಿ. ವೈಟ್ ಬ್ಯಾಲೆನ್ಸ್ (ಬಣ್ಣದ ಹದ) 5500 ಕೆಲ್ವಿನ್‌ಗೆ ಲಾಕ್ ಮಾಡಿ, ಇಲ್ಲಾಂದ್ರೆ ಎಲೆಯ ಬಣ್ಣವೂ ಕುಣಿಯುತ್ತೆ. ಇಷ್ಟಾದ್ರೂ ನೆತ್ತಿ ಮೇಲೆ ಸೂರ್ಯ ಇದ್ದಾಗ ಮಿನುಗು ಪೂರ್ತಿ ಹೋಗಲ್ಲ. ಅದಕ್ಕೆ ನಾನು ಮಾಡೋದು ಸೆಟ್ಟಿಂಗ್ ಬದಲಾವಣೆ ಅಲ್ಲ, ರಸ್ತೆ ಬದಲಾವಣೆ. ಮೋಡ ಮುಚ್ಚಿದ ದಿನ, ಇಬ್ಬನಿ ಬೆಳಗ್ಗೆ ತೋಟದ ರಸ್ತೆ. ಬಿಸಿಲು ಬಿದ್ದ ದಿನ ಗಿರಿ. ಮುಳ್ಳಯ್ಯನಗಿರಿ 1,930 ಮೀಟರ್, ಮೇಲೆ ಹೋದ ಹಾಗೆ ಮರ ಮುಗಿದು ಬರೀ ಹುಲ್ಲು. ಅಡ್ಡ ಬೆಳಕು ಬೀಳುವ ಬೆಳಗ್ಗೆ, ಸಂಜೆ ಎನ್‌ಡಿ16 ಅಥವಾ 32 ಅಲ್ಲಿ ನಿಜಕ್ಕೂ ಕೆಲಸ ಮಾಡುತ್ತೆ. ನನ್ನ ಕೇಳಿದ್ರೆ ಬೈಕ್ ವಿಡಿಯೊ ಸಿನಿಮಾ ಥರ ಕಾಣೋದು ಮುಕ್ಕಾಲು ಪಾಲು ಹೀಗೆ ಬೆಳಕು ನೋಡಿ ರಸ್ತೆ ಆರಿಸೋದರಿಂದಲೇ, ಫಿಲ್ಟರ್ ಪೆಟ್ಟಿಗೆಯಿಂದ ಅಲ್ಲ.

ಪ್ರಶ್ನೆ, ಹಾಸನದಿಂದ:
ಸರ್, ಉಳಿದ ಕಾಲು ಪಾಲು ಯಾವುದು? ನಮ್ಮ ಹತ್ರ ಗಂಟೆಗಟ್ಟಲೆ ಹೆಲ್ಮೆಟ್ ಫುಟೇಜ್ ಇದೆ, ಬಿಸಿಲೆ ಘಾಟಿ, ಶಿರಾಡಿ ಎಲ್ಲ. ನೋಡಿದ್ರೆ ನಮಗೇ ನಿದ್ದೆ ಬರುತ್ತೆ.

ಉತ್ತರ:
ಬರ್ಲೇಬೇಕು ಮಾರಾಯ್ರೆ, ಅದರಲ್ಲಿ ಬೈಕೇ ಇಲ್ಲವಲ್ಲ! ಹೆಲ್ಮೆಟ್ ಕ್ಯಾಮೆರಾ ರಸ್ತೆ ತೋರಿಸುತ್ತೆ, ಸವಾರನನ್ನಲ್ಲ. ಮೂರು ನಿಮಿಷದ ವಿಡಿಯೊಗೆ ಅಂಥ ಶಾಟ್ ಬೆರಳೆಣಿಕೆಯಷ್ಟು ಸಾಕು, ಒಂದೊಂದೂ ನಾಲ್ಕೈದು ಸೆಕೆಂಡ್.

ಗಾಡಿ ನಿಲ್ಲಿಸಿ ತೆಗೆಯೋ ಶಾಟೇ ವಿಡಿಯೊನ ಎತ್ತೋದು. ಚಿಕ್ಕ ಟ್ರೈಪಾಡ್ ರಸ್ತೆ ಅಂಚಿನ ಹುಲ್ಲಲ್ಲಿ, ನೆಲಕ್ಕೆ ಒಂದು ಗೇಣು ಎತ್ತರದಲ್ಲಿಡಿ. ಅಗಲ ಲೆನ್ಸ್ ಆದ್ದರಿಂದ ದೂರದ ಬೈಕ್ ಚುಕ್ಕಿಯಾಗಿ ಕಾಣುತ್ತೆ, ಹತ್ತಿರ ಬಂದ ಹಾಗೆ ಒಮ್ಮೆಲೇ ದೊಡ್ಡದಾಗಿ ಫ್ರೇಮ್ ತುಂಬುತ್ತೆ. 40ರಲ್ಲಿ ಬಂದ್ರೂ 80ರ ಥರ ಕಾಣುತ್ತೆ, ಹಾಗಾಗಿ ಯಾರೂ ಜೋರಾಗಿ ಓಡಿಸಬೇಕಾಗಿಲ್ಲ. ತಿರುವಿನಲ್ಲಿ ಮಾತ್ರ ಇಡಬೇಡಿ. ಘಾಟಿಯಲ್ಲಿ ಬಸ್ಸಿನೋರು ತಿರುವನ್ನು ಪೂರ್ತಿ ತಗೊಂಡು ಬರ್ತಾರೆ, ಕ್ಯಾಮೆರಾ ಹೋದ್ರೆ ಹೋಗಲಿ, ಎತ್ತಲು ಓಡುವ ನೀವು ಉಳೀಬೇಕಲ್ಲ. ನೇರ ರಸ್ತೆ, ಎರಡೂ ಕಡೆ ನೋಡಲು ಒಬ್ಬ ಗೆಳೆಯ.

ಆಮೇಲೆ ಸಣ್ಣಪುಟ್ಟದ್ದು. ಗ್ಲೌಸ್ ಎಳೆದು ಹಾಕೋ ಕೈ, ಚೈನಿಗೆ ಮೆತ್ತಿದ ಕೆಂಪು ಕೆಸರು, ಒದ್ದೆ ಮಣ್ಣಲ್ಲಿ ಸೈಡ್‌ಸ್ಟ್ಯಾಂಡ್ ಇಳಿಯದ ಹಾಗೆ ಕೆಳಗೆ ತಳ್ಳೋ ಚಪ್ಪಟೆ ಕಲ್ಲು. ಇಂಥದ್ದನ್ನು 50 ಫ್ರೇಮ್‌ನಲ್ಲಿ ತೆಗೆದು 25ರ ಟೈಮ್‌ಲೈನ್‌ಗೆ ಹಾಕಿದ್ರೆ ಅರ್ಧ ವೇಗದ ಸ್ಲೋ ಮೋಶನ್ ಸಲೀಸಾಗಿ ಸಿಗುತ್ತೆ. 25, 50 ಅಂತ ಯಾಕೆ ಹೇಳ್ತಿದ್ದೀನಿ ಅಂದ್ರೆ ನಮ್ಮ ಕರೆಂಟು 50 ಹರ್ಟ್ಜ್. 30, 60ರಲ್ಲಿ ತೆಗೆದ್ರೆ ರಾತ್ರಿ ಅಂಗಡಿ ದೀಪಗಳು ಮಿಟುಕುವ ಸಂಭವ ಜಾಸ್ತಿ. ಮೆನುವಿನಲ್ಲಿ ಆ್ಯಂಟಿ ಫ್ಲಿಕರ್ 50 ಮಾಡಿ.

ಪ್ರಶ್ನೆ, ಹಾಸನದಿಂದಲೇ ಇನ್ನೊಬ್ಬರು:
ಹೀಗೆ ನಿಲ್ಲಿಸಿ ನಿಲ್ಲಿಸಿ ಹೋದ್ರೆ ರೈಡ್ ಅನ್ನೋದು ಎಲ್ಲಿ ಉಳೀತು ಗುರುಗಳೇ?

ಉತ್ತರ:
ನ್ಯಾಯವಾದ ಮಾತು. ಇಡೀ ದಾರಿ ಶೂಟ್ ಮಾಡೋರಿಗೆ ರೈಡೂ ಸಿಗಲ್ಲ, ವಿಡಿಯೊನೂ ಸಿಗಲ್ಲ. ಎರಡು ಮೂರು ಕಿಲೋಮೀಟರಿನ ಒಂದು ತುಣುಕು ಆರಿಸಿ, ಅಲ್ಲೇ ಹೋಗಿ ಬಂದು ತೆಗೀರಿ, ಉಳಿದ ದಾರಿ ಕ್ಯಾಮೆರಾ ಆಫ್. ಕಾರ್ಡೂ ಉಳಿಯುತ್ತೆ. ಸೆಕೆಂಡಿಗೆ 100 ಮೆಗಾಬಿಟ್‌ನಲ್ಲಿ ಒಂದು ಗಂಟೆ ಓಡಿಸಿದ್ರೆ 45 ಜಿಬಿ ಆಗುತ್ತೆ, ಕೂತು ನೋಡೋರು ಯಾರು?

ಪ್ರಶ್ನೆ, ಕಡೂರಿನಿಂದ:
ನನ್ನ ಹತ್ರ ಕ್ಯಾಮೆರಾ ಇಲ್ಲ, ಒಳ್ಳೇ ಫೋನ್ ಇದೆ. ಹ್ಯಾಂಡಲ್‌ಗೆ ಹೋಲ್ಡರ್ ಹಾಕಿ ತೆಗೀಬಹುದಾ?

ಉತ್ತರ:
ಬೇಡ. ಫೋನಿನ ಲೆನ್ಸ್ ಒಳಗೆ ಅಲುಗಾಡುವ ಭಾಗ ಇರುತ್ತೆ, ಬೈಕಿನ ನಡುಕಕ್ಕೆ ಅದು ಕೆಡಬಹುದು ಅಂತ ಆ್ಯಪಲ್ ಕಂಪನಿಯೇ 2021ರಲ್ಲಿ ತನ್ನ ಐಫೋನ್‌ಗಳ ಬಗ್ಗೆ ಎಚ್ಚರಿಸಿದೆ. ರಸ್ತೆ ಬದಿ ನಿಂತು ಬೈಕ್ ಹಿಂದೆ ಫೋನ್ ತಿರುಗಿಸುತ್ತಾ ತೆಗೆಯೋಕೆ ಮಾತ್ರ ಫೋನಿನಷ್ಟು ಚೆನ್ನಾದದ್ದು ಇಲ್ಲ.

ಪ್ರಶ್ನೆ, ಮೂಡಿಗೆರೆಯಿಂದ:
ಅಣ್ಣ, ಎಡಿಟ್ ಹೇಗೆ ಶುರು ಮಾಡೋದು? ಹಸಿರು ನಂದು ಯಾವಾಗಲೂ ಪ್ಲಾಸ್ಟಿಕ್ ಎಲೆ ಆಗಿಬಿಡುತ್ತೆ. ಸೌಂಡಲ್ಲಿ ಬರೀ ಗಾಳಿ.

ಉತ್ತರ:
ಡಾವಿಂಚಿ ರಿಸಾಲ್ವ್ ಅನ್ನೋ ಎಡಿಟಿಂಗ್ ಸಾಫ್ಟ್‌ವೇರ್‌ನ ಉಚಿತ ಆವೃತ್ತಿ ಧಾರಾಳ ಸಾಕು. ಲ್ಯಾಪ್‌ಟಾಪ್ ಏದುಸಿರು ಬಿಟ್ರೆ ಪ್ರಾಕ್ಸಿ, ಅಂದ್ರೆ ಎಡಿಟ್‌ಗೆ ಮಾತ್ರ ಬಳಸೋ ಹಗುರ ನಕಲು, ಮಾಡ್ಕೊಳ್ಳಿ. ಮೊದಲು ಸಂಗೀತ ಹುಡುಕುತ್ತಾ ಕೂರಬೇಡಿ, ಮೊದಲು ಕಸ ತೆಗೀರಿ. ಬೈಕ್ ಒಂದು ಶಾಟಲ್ಲಿ ಎಡದಿಂದ ಬಲಕ್ಕೆ ಹೋದ್ರೆ ಮುಂದಿನದ್ದರಲ್ಲೂ ಹಾಗೇ ಹೋಗಲಿ, ಇಲ್ಲಾಂದ್ರೆ ವಾಪಸ್ ಬಂದ ಹಾಗೆ ಕಾಣುತ್ತೆ. ತಿರುವಿಗೆ ಬೈಕ್ ವಾಲುವಾಗಲೇ ಕತ್ತರಿಸಿ, ಮುಂದಿನ ಶಾಟಲ್ಲಿ ಆ ವಾಲು ಮುಂದುವರಿಯಲಿ. ಕಟ್ ಆಗಿದ್ದೇ ಗೊತ್ತಾಗಲ್ಲ.

ಹಸಿರಿಗೆ ಮದ್ದು ಶೂಟಿಂಗಲ್ಲೇ ಇದೆ. ಕ್ಯಾಮೆರಾದ ಬಣ್ಣ ವಿವಿಡ್‌ನಿಂದ ಫ್ಲಾಟ್‌ಗೆ ಹಾಕಿ. ಎಡಿಟಲ್ಲಿ ಹಸಿರನ್ನಷ್ಟೇ ಹಿಡಿದು ಸ್ಯಾಚುರೇಶನ್ (ಬಣ್ಣದ ಗಾಢತೆ) ಇಳಿಸಿ, ಚೂರು ಹಳದಿ ಕಡೆ ತಳ್ಳಿ, ಆಗ ಕಾಫಿ ಎಲೆ ಕಾಫಿ ಎಲೆಯ ಹಾಗೆ ಕಾಣುತ್ತೆ. ಹೂಮಳೆ ಬಿದ್ದು ಕಾಫಿ ಹೂವಿಗೆ ತೋಟ ಬೆಳ್ಳಗಾದಾಗ ಎಕ್ಸ್‌ಪೋಶರ್ ಒಂದು ಸ್ಟಾಪ್ ಇಳಿಸಿ. ಒಮ್ಮೆ ಸುಟ್ಟುಹೋದ ಬಿಳಿ ಯಾವ ಎಡಿಟಲ್ಲೂ ವಾಪಸ್ ಬರಲ್ಲ.

ಗಾಳಿಗೆ ಸುಲಭ ಉಪಾಯ: ಓಡುವಾಗ ಕ್ಯಾಮೆರಾ ಹಿಡಿದ ಸೌಂಡ್ ಬಿಟ್ಟೇಬಿಡಿ. ಫೋಮ್ ಸುತ್ತಿದ ಸಣ್ಣ ಮೈಕನ್ನು ಸೀಟಿನ ಹಿಂದೆ, ಗಾಳಿ ತಾಗದ ಕಡೆ, ಸೈಲೆನ್ಸರ್ ಬಿಸಿಗೆ ದೂರ ಇಟ್ಟು ರೆಕಾರ್ಡ್ ಮಾಡಿ. ಲೆವೆಲ್ ಕಡಿಮೆ ಇಡಿ, ಬುಲೆಟ್ ಗುಡುಗಿಗೆ ಸೌಂಡ್ ಒಡೆಯುತ್ತೆ. ಅದನ್ನು ಚಿತ್ರಕ್ಕೆ ಹೊಂದಿಸಿ.

ಪ್ರಶ್ನೆ, ಮೂಡಿಗೆರೆಯಿಂದ:
ಸರಿ ಅಣ್ಣ. ಈ ಭಾನುವಾರವೇ ಗಿರಿಗೆ ಹೋಗಿ ಟ್ರೈ ಮಾಡ್ತೀನಿ.

ಉತ್ತರ:
ಭಾನುವಾರ ಬೇಡ, ಕೈಮರ ದಾಟಿದ ಮೇಲೆ ಫ್ರೇಮ್ ತುಂಬಾ ಬೇರೆಯವರ ಕಾರೇ ಬರುತ್ತೆ. ವಾರದ ನಡುವೆ ಒಂದು ಬೆಳಗ್ಗೆ ಹೋಗಿ. ಒಂದೇ ಜಾಗದಲ್ಲಿ ಎನ್‌ಡಿ ಹಾಕಿ ಒಂದು, ಹಾಕದೆ ಒಂದು ಕ್ಲಿಪ್ ತೆಗೆದು ನನಗೆ ಕಳಿಸಿ. ವಾಟ್ಸ್‌ಆ್ಯಪಲ್ಲಿ ವಿಡಿಯೊ ಅಂತ ಕಳಿಸಬೇಡಿ, ಹಿಂಡಿ ಹಿಪ್ಪೆ ಮಾಡುತ್ತೆ. ಡಾಕ್ಯುಮೆಂಟ್ ಅಂತ ಹಾಕಿ ಕಳಿಸಿ.