ಅಪ್‌ಡೇಟ್: ಮಳೆಗಾಲದಲ್ಲಿ ಕಚ್ಚಿಕೊಳ್ಳುತ್ತಿದ್ದ ಹಲಸಿನ ಬಾಗಿಲು

ಬದಿಯಡ್ಕದ ನಮ್ಮ ಮನೆಯ ಹಲಸಿನ ಮರದ ಬಾಗಿಲು ಮಳೆ ಬಂದರೆ ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ, ಕೀಸಬೇಕಾ ಬೇಡ್ವಾ ಅಂತ ಆಟಿ ತಿಂಗಳ ಜೋರು ಮಳೆಯಲ್ಲಿ ಇಲ್ಲಿ ಕೇಳಿದ್ದೆ. ‘ಮರ ಒಣಗಲಿ, ಕಾಯಿರಿ’ ಅಂದವರೇ ಜಾಸ್ತಿ. ಕಾದೆ. ಬಿಸಿಲು ಬಿದ್ದ ಮೇಲೆ ಬಾಗಿಲು ಅರ್ಧಕ್ಕರ್ಧ ತಾನಾಗೇ ಸಡಿಲವಾಯಿತು. ಮರ ಉಬ್ಬುವುದು ಅಗಲಕ್ಕೆ, ಉದ್ದಕ್ಕೆ ಲೆಕ್ಕಕ್ಕೇ ಇಲ್ಲ. ಆಗಲೇ ಕೀಸಿದ್ದರೆ ಬೇಸಿಗೆಯಲ್ಲಿ ಹಲ್ಲಿ ನುಗ್ಗುವಷ್ಟು ಸಂದು ಬೀಳುತ್ತಿತ್ತು.

ಈಗ ಬಾಗಿಲು ಬಿಚ್ಚಿ ಬೆಂಚಿನ ಮೇಲೆ ಮಲಗಿಸಿದೆ. ಬೀಗದ ಕಡೆ ಪಾಲಿಶ್ ಸವೆದು ಹೊಳೆಯುವ ಒಂದು ಪಟ್ಟಿ. ಉಜ್ಜುತ್ತಿದ್ದುದು ಅಲ್ಲೇ. ಅಷ್ಟನ್ನು ಮಾತ್ರ ಕೀಸುಳಿಯಲ್ಲಿ ತೆಳುವಾಗಿ ತೆಗೆದೆ. ಅರಿಶಿನ ಬಣ್ಣದ ಸುರುಳಿ ಬಿತ್ತು, ನೋಡೋಕೇ ಖುಷಿ. ಚೌಕಟ್ಟಿನಿಂದ ಸುಮಾರು 3 ಮಿ.ಮೀ. ಜಾಗ ಬಿಟ್ಟಿದ್ದೇನೆ.

ಅಸಲಿ ವಿಷಯ ಕೆಳಗಿನ ಅಂಚಿನಲ್ಲಿತ್ತು. ಅಲ್ಲಿಗೆ ಪಾಲಿಶ್ ತಾಗಿರಲೇ ಇಲ್ಲ! ಯಾರು ಬಗ್ಗಿ ನೋಡ್ತಾರೆ, ಅಲ್ವಾ? ಮರದ ನಾರು ಕೊನೆಯಾಗುವ ತುದಿಯೇ ನೀರನ್ನು ಜಾಸ್ತಿ ಎಳೆಯುವುದು. ಮೇಲೆ, ಕೆಳಗೆ ಎರಡೂ ಕಡೆ ನೀರು ತಡೆಯುವ ಪಾಲಿಯುರೆಥೇನ್ ವಾರ್ನಿಶ್ ಹಚ್ಚಿ, ಒಣಗಿಸಿ, ಮತ್ತೊಂದು ಕೋಟ್ ಕೊಟ್ಟೆ.

ಬಿಜಾಗ್ರಿಯ ಸ್ಕ್ರೂ ಸಡಿಲವಾಗಿದ್ದ ತೂತಿಗೆ ಬಿದಿರು ಕಡ್ಡಿ, ಫೆವಿಕಾಲ್ ತುಂಬಿಸಿ ಅಂತ ಒಬ್ಬರು ಹೇಳಿದ ಉಪಾಯ ಗಟ್ಟಿಯಾಗಿ ಹಿಡಿದಿದೆ. ಮುಂದೆ ಅಡುಗೆಮನೆಯ ಕಪಾಟು, ಅಲ್ಲಿ ಗೆದ್ದಲಿನ ಕಾಟ. ಅದರ ಪ್ರಶ್ನೆ ಬೇರೆಯೇ ಕೇಳುತ್ತೇನೆ.