ಅಪ್ಪನಿಗೆ ಬ್ಯಾಟರಿ ಸ್ಕೂಟರ್: ಆಫ್‌ರೋಡ್ ಬೇಕಾ, ಫುಟ್‌ಪಾತ್ ಮಾಡೆಲ್ ಸಾಕಾ?

ಪ್ರಶ್ನೆ (ಕಾರವಾರ):
ನಮಸ್ಕಾರ ಸರ್. ಅಪ್ಪ ನಿವೃತ್ತ ಮಾಸ್ತರು. ವಯಸ್ಸು 74, ತೂಕ 82 ಕೆಜಿ. ಎರಡೂ ಮೊಣಕಾಲು ಸವೆದಿವೆ. ಮನೆಯೊಳಗೆ ಕೋಲು ಹಿಡಿದು ಓಡಾಡುತ್ತಾರೆ, ಗೇಟಿನಾಚೆ ಸ್ವಲ್ಪ ದೂರ ಹೋದರೆ ಕೂತುಬಿಡುತ್ತಾರೆ. ನಮ್ಮ ಮನೆ ಕಾಜುಬಾಗದಲ್ಲಿ. ಸಂಜೆ ಟಾಗೋರ್ ಕಡಲತೀರಕ್ಕೆ ಹೋಗಿ ಹಳೆ ಸ್ನೇಹಿತರ ಜೊತೆ ಮಾತಾಡುವುದು ಅವರ ರೂಢಿಯಾಗಿತ್ತು. ಅದು ನಿಂತ ಮೇಲೆ ತುಂಬಾ ಮಂಕಾಗಿದ್ದಾರೆ. ಕುಳಿತು ಓಡಿಸುವ ನಾಲ್ಕು ಚಕ್ರದ ಬ್ಯಾಟರಿ ಸ್ಕೂಟರ್ ಕೊಡಿಸೋಣ ಅಂತ ಹೊರಟಿದ್ದೇವೆ. ಅಂಗಡಿಯಲ್ಲಿ ಎರಡು ತೋರಿಸಿದರು. ಒಂದು ಫುಟ್‌ಪಾತ್ ಮಾಡೆಲ್, 48 ಕೆಜಿ, ಸಣ್ಣ ಗಟ್ಟಿ ಗಾಲಿ. ಇನ್ನೊಂದು ಆಫ್‌ರೋಡ್, 110 ಕೆಜಿ, ದಪ್ಪ ಗಾಲಿ, ಬೆಲೆ ಹೆಚ್ಚುಕಡಿಮೆ ಎರಡು ಪಟ್ಟು. ನಮ್ಮೂರ ರಸ್ತೆಗೆ ಆಫ್‌ರೋಡೇ ಸರಿ ಅಂತಾನೆ ತಮ್ಮ. ನಾನೂ ಶಾಲೆಯಲ್ಲೇ ಕೆಲಸ ಮಾಡುವವಳು, ಎರಡೆರಡು ಸಲ ಖರ್ಚು ಮಾಡುವ ಶಕ್ತಿ ಇಲ್ಲ. ಯಾವುದು ತಗೊಳ್ಳಲಿ?

ಉತ್ತರ (ಕುಮಟಾ, ಗಾಲಿಕುರ್ಚಿ ಮತ್ತು ಬ್ಯಾಟರಿ ಸ್ಕೂಟರ್ ತಂತ್ರಜ್ಞ):
ಅಕ್ಕೋರೇ, ಉತ್ತರ ಕೊಡುವ ಮೊದಲು ಮೂರು ವಿಷಯ ತಿಳಿಸಿ. ರಾತ್ರಿ ಗಾಡಿ ಎಲ್ಲಿ ನಿಲ್ಲುತ್ತದೆ, ಅಲ್ಲಿ ಪ್ಲಗ್ ಇದೆಯಾ? ಅದನ್ನು ಯಾವಾಗಲಾದರೂ ಕಾರಿಗೆ ಹಾಕಬೇಕಾಗುತ್ತದಾ? ಮನೆಯಿಂದ ಕಡಲತೀರದವರೆಗಿನ ದಾರಿಯಲ್ಲಿ ಅತಿ ಕೆಟ್ಟ ಹತ್ತು ಮೀಟರ್ ಯಾವುದು? ಉಳಿದ ದಾರಿ ಎಷ್ಟೇ ಚೆನ್ನಾಗಿರಲಿ, ಗಾಡಿ ಆರಿಸುವುದು ಆ ಹತ್ತು ಮೀಟರ್ ನೋಡಿಯೇ.

ಕಾರವಾರ:
ಪೋರ್ಚ್‌ನಲ್ಲಿ ನಿಲ್ಲುತ್ತದೆ, ಪ್ಲಗ್ ಇದೆ. ಪೋರ್ಚ್‌ನಿಂದ ಮನೆಗೆ ಮೂರು ಮೆಟ್ಟಿಲು. ತಿಂಗಳಿಗೊಮ್ಮೆ ಅಂಕೋಲಾಕ್ಕೆ ಅಕ್ಕನ ಮನೆಗೆ ಹೋಗುತ್ತೇವೆ, ಕಾರಿನಲ್ಲಿ ಗಾಡಿಯೂ ಬಂದರೆ ಅಪ್ಪನಿಗೆ ಖುಷಿ. ದಾರಿ ಡಾಂಬರಿನದು. ಕೆಟ್ಟದ್ದು ಅಂದರೆ ಗೇಟಿನ ಮುಂದಿನ ಚರಂಡಿ ಹಾಸುಗಲ್ಲು. ನಡುವೆ ಸಂದು ಬಿಟ್ಟಿದೆ, ಒಂದು ಕಲ್ಲು ಎದ್ದಿದೆ. ಆಮೇಲೆ ಹೆದ್ದಾರಿ ದಾಟಬೇಕು.

ಉತ್ತರ:
ಹಾಗಾದರೆ ಆಫ್‌ರೋಡ್ ಬೇಡ. ಅಂಗಡಿಯಲ್ಲಿ ತೋರಿಸಿದ ಆ ಸಣ್ಣದೂ ಬೇಡ. ಎರಡರ ನಡುವಿನ ಸೈಜ್ ಕೇಳಿ. ಗಾಲಿ 10 ಇಂಚಿನ ಆಸುಪಾಸು, ಗಾಳಿ ತುಂಬುವ ಟೈರ್, ತಳ ನೆಲದಿಂದ 9-10 ಸೆಂಟಿಮೀಟರ್ ಮೇಲೆ, ಸೀಟಿನ ಕೆಳಗೆ ಸ್ಪ್ರಿಂಗ್, ಮತ್ತು ಬಿಚ್ಚಿದರೆ ನಾಲ್ಕೈದು ತುಂಡಾಗುವಂಥದ್ದು.

ಸಣ್ಣದು ಯಾಕೆ ಬೇಡ ಅಂದರೆ, ಅದನ್ನು ಮಾಡಿದ್ದೇ ಮಾಲ್, ಏರ್‌ಪೋರ್ಟ್, ನುಣುಪಾದ ಕಾಲುದಾರಿಗೆ. 7-8 ಇಂಚಿನ ಗಟ್ಟಿ ರಬ್ಬರ್ ಗಾಲಿ, ತಳ ನೆಲಕ್ಕೆ 5-6 ಸೆಂಟಿಮೀಟರ್. ನಮ್ಮ ಕಡೆ ಫುಟ್‌ಪಾತ್ ಅಂದರೆ ಚರಂಡಿ ಮೇಲಿನ ಕಾಂಕ್ರೀಟ್ ಹಲಗೆ ತಾನೇ. ಆ ಸಂದಿಗೆ ಮುಂದಿನ ಗಾಲಿ ಓರೆಯಾಗಿ ಹೊಕ್ಕರೆ ಹ್ಯಾಂಡಲ್ ಥಟ್ಟನೆ ತಿರುಗುತ್ತದೆ. ಕುಳಿತವರು ಒಂದು ಪಕ್ಕಕ್ಕೆ ವಾಲುತ್ತಾರೆ. ಎದ್ದ ಕಲ್ಲಿಗೆ ತಳ ತಾಗಿದರೆ ಗಾಲಿ ತಿರುಗುತ್ತಲೇ ಇರುತ್ತದೆ, ಗಾಡಿ ಅಲ್ಲಾಡುವುದಿಲ್ಲ.

ದೊಡ್ಡದು ಬೇಡ ಅನ್ನುವುದಕ್ಕೆ ಕಾರಣ ಬೇರೆ. 110 ಕೆಜಿ ಗಾಡಿಯನ್ನು ಮನೆಯವರು ಎತ್ತಲಾರರು, ಅಂಕೋಲಾದ ಆಸೆ ಅಲ್ಲೇ ಮುಗಿಯಿತು. ತಿರುಗಿಸಲೂ ತುಂಬಾ ಜಾಗ ಬೇಕು. ಪೋರ್ಚ್‌ನಲ್ಲಿ ಹಿಂದೆ ಮುಂದೆ ಮಾಡಿ ಮಾಡಿ ಹಿರಿಯರು ಬೇಸತ್ತು ಹೋಗುತ್ತಾರೆ. ಹೊರಡುವುದೇ ಕಷ್ಟವಾದ ಗಾಡಿ ಮೂಲೆ ಸೇರುತ್ತದೆ, ಅದನ್ನು ನಾನು ತುಂಬಾ ಮನೆಗಳಲ್ಲಿ ನೋಡಿದ್ದೇನೆ. ಆಮೇಲೆ ಆ ದಪ್ಪ ಗಾಲಿಗೆ ಸೀಟಿನ ಎತ್ತರವೂ ಜಾಸ್ತಿ. ಮೊಣಕಾಲು ನೋವಿನವರಿಗೆ ಸೀಟು ಸರಿಯಾದ ಎತ್ತರದಲ್ಲಿರಬೇಕು. ಪಾದ ಎರಡೂ ಪೂರ್ತಿ ಊರಬೇಕು, ಕೈಗಳ ಬಲದಿಂದ ಏಳಲು ಬರಬೇಕು. ಸೀಟು ಪಕ್ಕಕ್ಕೆ ತಿರುಗಿ ಲಾಕ್ ಆಗುವಂಥದ್ದಿದ್ದರೆ ಇನ್ನೂ ಒಳ್ಳೆಯದು. ನನ್ನನ್ನು ಕೇಳಿದರೆ ಗಾಲಿಗಿಂತ ಮೊದಲು ಸೀಟು ನೋಡಬೇಕು.

ಉಳಿಯುವ ದುಡ್ಡಿನಲ್ಲಿ ಎರಡು ಕೆಲಸ ಮಾಡಿಸಿ. ಗೇಟಿನ ಮುಂದಿನ ಹಾಸುಗಲ್ಲು ಸರಿಮಾಡಿಸಿ, ಸಂದು ಮುಚ್ಚಿಸಿ. ಮೂರು ಮೆಟ್ಟಿಲಿಗೆ ಎರಡೂ ಕಡೆ ಹಿಡಿಗಂಬಿ ಹಾಕಿಸಿ. ಇಳಿಜಾರು ಕಟ್ಟಿಸಲೇಬೇಕು ಅಂತಿಲ್ಲ. ಗಾಲಿ ಹತ್ತಲು 1:12ರ ಇಳಿಜಾರು ಬೇಕು, ಅಂದರೆ ಒಂದು ಪಾಲು ಎತ್ತರಕ್ಕೆ ಹನ್ನೆರಡು ಪಾಲು ಉದ್ದ. ತಲಾ 15 ಸೆಂಟಿಮೀಟರಿನ ಮೂರು ಮೆಟ್ಟಿಲು ಅಂದರೆ 45 ಸೆಂಟಿಮೀಟರ್ ಎತ್ತರ, ಅದಕ್ಕೆ 5.4 ಮೀಟರ್ ಉದ್ದ ಬೇಕಾಗುತ್ತದೆ. ಪೋರ್ಚ್ ತುಂಬ ಅದೇ ಆದೀತು. ಅಪ್ಪ ಒಳಗೆ ಕೋಲಿನಲ್ಲಿ ನಡೆಯುತ್ತಾರಲ್ಲ, ಆ ನಡಿಗೆ ಉಳಿಯಲಿ. ಗಾಡಿ ಹೊರಗಿನದಕ್ಕೆ ಮಾತ್ರ ಇರಲಿ.

ಹೆದ್ದಾರಿ ವಿಷಯ. ಗಂಟೆಗೆ 6 ಕಿಲೋಮೀಟರ್ ವೇಗದಲ್ಲಿ ಸೆಕೆಂಡಿಗೆ 1.7 ಮೀಟರ್ ಸಾಗುತ್ತದೆ. 20 ಮೀಟರ್ ದಾಟಲು 12 ಸೆಕೆಂಡ್. ಅಷ್ಟು ಹೊತ್ತು ಅವರು ಲಾರಿ ಚಾಲಕರ ಕಣ್ಣಿಗಿಂತ ತುಂಬಾ ಕೆಳಗೆ ಕುಳಿತಿರುತ್ತಾರೆ. ಹಿಂಬದಿಗೆ ಉದ್ದ ಕಡ್ಡಿ ಕಟ್ಟಿ ಕಿತ್ತಳೆ ಬಣ್ಣದ ಬಾವುಟ ಹಾಕಿ, ಹಿಂದೆ ಮುಂದೆ ಪ್ರತಿಫಲಕ ಸ್ಟಿಕರ್ ಅಂಟಿಸಿ. ದಾಟುವಾಗ ಯಾರಾದರೂ ಜೊತೆಗಿರಲಿ. ಇದರಲ್ಲಿ ರಾಜಿ ಬೇಡ.

ಕಾರವಾರ:
ಕಡಲತೀರದಲ್ಲಿ ಮರಳ ಮೇಲೆ ಓಡಿಸಬಹುದಾ? ಅದಕ್ಕೇ ತಮ್ಮ ಆಫ್‌ರೋಡ್ ಅಂದದ್ದು.

ಉತ್ತರ:
ಆಫ್‌ರೋಡ್ ಕೂಡ ಒಣ ಮರಳಿಗೆ ಆಗುವುದಿಲ್ಲ. 110 ಕೆಜಿ ಗಾಡಿ, 82 ಕೆಜಿ ಮನುಷ್ಯ, ಎರಡೂ ಸೇರಿದ ಭಾರ ನಾಲ್ಕು ಸಣ್ಣ ಜಾಗದ ಮೇಲೆ ಬೀಳುತ್ತದೆ. ಗಾಲಿ ತಿರುಗಿದಷ್ಟೂ ಹೂಳುತ್ತದೆ. ಮರಳಿಗೆ ಅಂತಲೇ ಬಲೂನಿನಂಥ ಅಗಲ ಗಾಲಿಯ ಗಾಲಿಕುರ್ಚಿ ಬರುತ್ತದೆ, ಅದನ್ನು ಇನ್ನೊಬ್ಬರು ತಳ್ಳಬೇಕು. ನೀರಂಚಿನ ಒದ್ದೆ ಮರಳು ಗಟ್ಟಿ ಇರುತ್ತದೆ ನಿಜ, ಆದರೆ ಅಲ್ಲಿ ಉಪ್ಪುನೀರು ಮೋಟಾರಿಗೆ, ಬೇರಿಂಗಿಗೆ ಹೋಗುತ್ತದೆ. ಚಾಪೆಲ್ ಯುದ್ಧನೌಕೆ ಮ್ಯೂಸಿಯಂ ಕಡೆ ಗಟ್ಟಿ ನೆಲದ ಮೇಲೆ ನಿಲ್ಲಿಸಿ ಕೂರಲಿ. ಸ್ನೇಹಿತರು ಅಲ್ಲಿಗೇ ಬರುತ್ತಾರೆ.

ಮರಳಿಗೆ ಇಳಿಸದಿದ್ದರೂ ಉಪ್ಪುಗಾಳಿ ಬಿಡುವುದಿಲ್ಲ. ವಾರಕ್ಕೊಮ್ಮೆ ಸಿಹಿನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ, ಒಣಬಟ್ಟೆ ಹಾಕಿ. ಪೈಪ್ ಹಿಡಿದು ತೊಳೆಯಬೇಡಿ. ಬ್ಯಾಟರಿ ಕನೆಕ್ಟರಿನಲ್ಲಿ ಹಸಿರು ಪುಡಿ ಕಂಡರೆ ತಡಮಾಡದೆ ತೋರಿಸಿ. ಕರಾವಳಿಯಲ್ಲಿ ಗಾಡಿ ನಡುದಾರಿಯಲ್ಲಿ ನಿಂತರೆ ನಾನು ಮೊದಲು ಬಿಚ್ಚಿ ನೋಡುವುದೇ ಅದನ್ನು.

ಪ್ರಶ್ನೆ (ಶಿರಸಿ, ಹುಲೇಕಲ್ ಕಡೆಯಿಂದ):
ಸರ್, ನಮ್ಮದು ಇನ್ನೂ ಕಷ್ಟದ ಜಾಗ. ಆಯಿಗೆ 70 ವರ್ಷ. ಲಕ್ವ ಹೊಡೆದು ಎಡಗೈಯಲ್ಲಿ ಶಕ್ತಿ ಕಮ್ಮಿ. ನಡೆಯಲು ಆಗುತ್ತದೆ, ಆದರೆ ಬೇಗ ಸುಸ್ತು. ಅಂಗಳದಿಂದ ಅಡಿಕೆ ತೋಟಕ್ಕೆ ಮಣ್ಣುದಾರಿ, ಒಂದು ಕಡೆ ದರೆ, ಇನ್ನೊಂದು ಕಡೆ ತಗ್ಗು. ಕೆಳಗೆ ಹಳ್ಳಕ್ಕೆ ಕಾಲುಸಂಕ ಇದೆ. ತೋಟ ನೋಡದೆ ಆಯಿಗೆ ಸಮಾಧಾನವೇ ಇಲ್ಲ. ನಮಗಂತೂ ಆಫ್‌ರೋಡೇ ಬೇಕಲ್ವಾ?

ಉತ್ತರ:
ತಮ್ಮಾ, ನಿನ್ನ ಪ್ರಶ್ನೆ ಓದಿ ಮೊದಲು ಭಯವಾಯಿತು. ಅದಕ್ಕೇ ನೇರವಾಗಿ ಹೇಳುತ್ತೇನೆ. ಆಫ್‌ರೋಡ್ ಗಾಲಿ ನೆಲ ಹಿಡಿಯುತ್ತದೆ, ಅಷ್ಟೇ. ಗಾಡಿ ಮಗುಚದಂತೆ ಅದು ತಡೆಯುವುದಿಲ್ಲ. ತಳ ಎತ್ತರವಾದಷ್ಟೂ ಕುಳಿತವರ ಭಾರವೂ ಮೇಲಕ್ಕೆ ಹೋಗುತ್ತದೆ, ಓರೆ ನೆಲದಲ್ಲಿ ಮಗುಚುವುದು ಸುಲಭವಾಗುತ್ತದೆ. ಒಂದು ಕಡೆ ದರೆ, ಇನ್ನೊಂದು ಕಡೆ ತಗ್ಗು ಇರುವ ದಾರಿ ತಗ್ಗಿನ ಕಡೆಗೇ ವಾಲಿರುತ್ತದೆ. ಅಲ್ಲೇ ಅಪಾಯ.

ಮೊದಲು ಇಳಿಜಾರು ಅಳೆ. ಒಂದು ಮೀಟರ್ ಉದ್ದದ ನೆಟ್ಟಗಿನ ಹಲಗೆ ತಗೋ, ಗೌಂಡಿಯ ಹತ್ತಿರ ಮಟ್ಟಗೋಲು ಕೇಳು. ಹಲಗೆಯ ಮೇಲಿನ ತುದಿ ನೆಲಕ್ಕೆ ತಾಗಿರಲಿ, ಮಟ್ಟ ಬರುವವರೆಗೆ ಕೆಳಗಿನ ತುದಿ ಎತ್ತು. ಆ ತುದಿಯಿಂದ ನೆಲಕ್ಕೆ ಎಷ್ಟು ಸೆಂಟಿಮೀಟರ್ ನೋಡು. 10 ಬಂದರೆ ಸುಮಾರು 6 ಡಿಗ್ರಿ, ಸಣ್ಣ ಗಾಡಿಗಳಿಗೆ ಇದೇ ಸಾಕಷ್ಟು ಕಡಿದು. 14 ಬಂದರೆ 8 ಡಿಗ್ರಿ. 18ರ ಹತ್ತಿರ ಬಂದರೆ 10 ಡಿಗ್ರಿ, ಅದನ್ನು ದೊಡ್ಡ ಗಾಡಿಗಳೇ ಬಿಗಿಯಾಗಿ ಹತ್ತುತ್ತವೆ. ನಿನ್ನ ಗಾಡಿಯ ಪುಸ್ತಕದಲ್ಲಿ ಎಷ್ಟು ಡಿಗ್ರಿ ಅಂತ ಬರೆದಿರುತ್ತದೆ, ಅದಕ್ಕಿಂತ ಎರಡು ಕಮ್ಮಿ ಇಟ್ಟುಕೋ. ಅವರು ಅಳೆಯುವುದು ಒಣಗಿದ ಗಟ್ಟಿ ನೆಲದಲ್ಲಿ, ಹೊಸ ಬ್ಯಾಟರಿ ಹಾಕಿ. ನಮ್ಮಲ್ಲಿ ಜೂನ್ ಬಂದರೆ ಮಣ್ಣು ರಾಡಿ, ಕಲ್ಲಿನ ಮೇಲೆ ಹಾವಸೆ. ಹಾವಸೆಯ ಮೇಲೆ ಯಾವ ಗಾಲಿಯೂ ನಿಲ್ಲುವುದಿಲ್ಲ. ದಾರಿಯ ಅಡ್ಡಕ್ಕೂ ಹಲಗೆ ಇಟ್ಟು ಅಳೆ. ತಗ್ಗಿನ ಕಡೆಗೆ 5 ಸೆಂಟಿಮೀಟರಿಗಿಂತ ಜಾಸ್ತಿ ವಾಲಿದ್ದರೆ ಆ ದಾರಿಯಲ್ಲಿ ಆಯಿಯನ್ನು ಕಳಿಸಬೇಡ.

ಕೈಯ ವಿಷಯ ಇನ್ನೊಂದು. ಈ ಗಾಡಿಗಳಲ್ಲಿ ಸಾಮಾನ್ಯವಾಗಿ ಬಲಗೈ ಲಿವರ್ ಒತ್ತಿದರೆ ಮುಂದೆ, ಎಡಗೈದು ಒತ್ತಿದರೆ ಹಿಂದೆ. ಬಿಟ್ಟ ಕೂಡಲೇ ಬ್ರೇಕ್ ತಾನೇ ಹಿಡಿಯುತ್ತದೆ. ಆಯಿಗೆ ಹಿಂದೆ ಬರುವುದು ಕಷ್ಟ ಆದೀತು. ಲಕ್ವ ಆದವರಲ್ಲಿ ಕೆಲವರಿಗೆ ಒಂದು ಪಕ್ಕದ ವಸ್ತು ಗಮನಕ್ಕೇ ಬರುವುದಿಲ್ಲ, ಕಣ್ಣು ಚೆನ್ನಾಗಿದ್ದರೂ ಕೂಡ. ತಗ್ಗು ಆ ಪಕ್ಕದಲ್ಲೇ ಇದ್ದರೆ? ವೈದ್ಯರಿಗೆ, ಫಿಸಿಯೋಥೆರಪಿಸ್ಟರಿಗೆ ತೋರಿಸಿ, ಓಡಿಸಬಹುದು ಅಂತ ಅವರು ಹೇಳಿದ ಮೇಲೆ ಗಾಡಿ ಮಾತು.

ಅವರು ಒಪ್ಪಿದರೆ ನಾನು ಹೇಳುವುದು ಇದು. ಕಾಲುಸಂಕದ ಆಸೆ ಬಿಡು. ತೋಟ ಪೂರ್ತಿ ಕಾಣುವ ಜಾಗ ಅಂಗಳದ ಕೆಳಗೆ ಎಲ್ಲಾದರೂ ಇದ್ದೇ ಇರುತ್ತದೆ. ಅಲ್ಲಿಯವರೆಗೆ ಒಂದೂವರೆ ಮೀಟರ್ ಅಗಲದ ದಾರಿ ಮಾಡಿಸು. ದರೆಯ ಬದಿಗೆ ನೀರು ಹೋಗುವ ಕಾಲುವೆ ಬೇಕು, ತಗ್ಗಿನ ಬದಿಗೆ ಗಾಲಿ ದಾಟದಂತೆ ಒಂದು ಸಾಲು ಕೆಂಪುಕಲ್ಲು ಬೇಕು. ನೆಲಕ್ಕೆ ಕಾಂಕ್ರೀಟ್ ಹಾಕಿ ಹಸಿ ಇರುವಾಗಲೇ ಪೊರಕೆಯಿಂದ ಗೀರು ಎಳೆಸು, ಜಾರುವುದಿಲ್ಲ. ಕೊನೆಯಲ್ಲಿ ತಿರುಗಿಸಲು ಸಮತಟ್ಟು ಜಾಗ ಬಿಡು. ಇಷ್ಟಾದರೆ ಕಾರವಾರದ ಅಕ್ಕೋರಿಗೆ ಹೇಳಿದ ಮಧ್ಯದ ಸೈಜೇ ಸಾಕು. ಆಫ್‌ರೋಡಿಗೆ ಕೊಡುವ ಹೆಚ್ಚಿನ ದುಡ್ಡು ಆ ದಾರಿಗೆ ಹೋಗಲಿ. ದಾರಿ ಆಯಿಗೆ ನಡೆಯಲೂ ಆಗುತ್ತದೆ, ಅಡಿಕೆ ಕೊನೆ ಹೊರುವವರಿಗೂ ಆಗುತ್ತದೆ.

ಶಿರಸಿ:
ಇಳಿಯುವಾಗ ಬ್ಯಾಟರಿ ಉಳಿಸಲು ನ್ಯೂಟ್ರಲ್ ಮಾಡಬಹುದಾ?

ಉತ್ತರ:
ಬೇಡವೇ ಬೇಡ. ಹಿಂದೆ ಇರುವ ಆ ಲಿವರ್ ಎಳೆದರೆ ಮೋಟಾರ್ ಬಿಡುಗಡೆ ಆಗುತ್ತದೆ, ಅದರ ಜೊತೆಗೆ ಬ್ರೇಕೂ ಹೋಗುತ್ತದೆ. ಅದು ಕೆಟ್ಟು ನಿಂತ ಗಾಡಿಯನ್ನು ಸಮತಟ್ಟು ನೆಲದಲ್ಲಿ ತಳ್ಳಲು ಮಾತ್ರ. ಗಾಡಿಯಲ್ಲಿ ಯಾರಾದರೂ ಕುಳಿತಿರುವಾಗ ಇಳಿಜಾರಿನಲ್ಲಿ ಅದನ್ನು ಮುಟ್ಟಲೂ ಬೇಡ. ಮನೆ ಮಕ್ಕಳಿಗೂ ಹೇಳಿಡು.

ಪ್ರಶ್ನೆ (ಅಂಕೋಲಾ):
ತಮ್ಮನಿಗೆ 29. ಬೆನ್ನುಹುರಿಗೆ ಪೆಟ್ಟಾಗಿ ಗಾಲಿಕುರ್ಚಿಯಲ್ಲಿದ್ದಾನೆ. ಕೈ ಗಟ್ಟಿ ಇದೆ. ಅವನಿಗೂ ಇದೇನಾ?

ಉತ್ತರ:
ಅವನಿಗೆ ಇದು ಬೇಡ. ಕುರ್ಚಿಯಿಂದ ಸ್ಕೂಟರಿಗೆ, ಸ್ಕೂಟರಿನಿಂದ ಕುರ್ಚಿಗೆ ಎಷ್ಟು ಸಲ ಜಿಗಿಯುವುದು? ಗಾಲಿಕುರ್ಚಿಯ ಮುಂದೆಯೇ ಕಚ್ಚಿಸುವ ಮೋಟಾರ್ ಘಟಕ ಬರುತ್ತದೆ. ಮದ್ರಾಸ್ ಐಐಟಿಯಲ್ಲಿ ಬೆಳೆದು 2021ರಲ್ಲಿ ಬಂದ ನಿಯೋಬೋಲ್ಟ್ ಅಂಥದ್ದು, ಗಂಟೆಗೆ 25 ಕಿಲೋಮೀಟರ್‌ವರೆಗೆ ಹೋಗುತ್ತದೆ. ಹೋದ ಕಡೆ ಅದನ್ನು ಬಿಚ್ಚಿಟ್ಟರೆ ಕುರ್ಚಿ ಕುರ್ಚಿಯಾಗಿಯೇ ಇರುತ್ತದೆ. ಪಂಚಾಯತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಹಿಡಿದು ಅವರನ್ನು ಕಾಣಿ, ಸರ್ಕಾರದ ನೆರವು ಯಾವುದು ಸಿಗುತ್ತದೆ ಅಂತ ಅವರು ಹೇಳುತ್ತಾರೆ.

ಪ್ರಶ್ನೆ (ಹೊನ್ನಾವರ):
ಇದಕ್ಕೆ ಲೈಸೆನ್ಸ್ ಬೇಕಾ? ಮತ್ತೆ ಮಳೆಗಾಲದಲ್ಲಿ ಏನು ಮಾಡುವುದು?

ಉತ್ತರ:
ಮೋಟಾರಿನ 30 ನಿಮಿಷದ ಪವರ್ (ಅರ್ಧ ಗಂಟೆ ಸತತವಾಗಿ ಕೊಡಬಲ್ಲ ಶಕ್ತಿ) 250 ವ್ಯಾಟಿಗಿಂತ ಕಡಿಮೆ, ಗರಿಷ್ಠ ವೇಗ 25 ಕಿಲೋಮೀಟರಿಗಿಂತ ಕಡಿಮೆ ಅಂತ ಪರೀಕ್ಷಾ ಸಂಸ್ಥೆ ದೃಢಪಡಿಸಿದ ಬ್ಯಾಟರಿ ಗಾಡಿಯನ್ನು ನಿಯಮದಲ್ಲಿ ಮೋಟಾರು ವಾಹನ ಅಂತ ಪರಿಗಣಿಸುವುದಿಲ್ಲ, ಹಾಗಾಗಿ ಲೈಸೆನ್ಸ್ ಬೇಡ. ಆ ಪ್ರಮಾಣಪತ್ರ ಅಂಗಡಿಯಲ್ಲೇ ಕೇಳಿ. ದೊಡ್ಡ ಆಫ್‌ರೋಡ್ ಗಾಡಿಗಳಲ್ಲಿ ಮೋಟಾರ್ ಈ ಮಿತಿ ದಾಟುವುದುಂಟು, ಅದನ್ನೂ ನೋಡಿಕೊಳ್ಳಿ.

ಮಳೆಯಲ್ಲಿ ಓಡಿಸಬಾರದು, ಅಷ್ಟೇ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ದಾಟಿ ಸುರಿಯುತ್ತದೆ. ಐಪಿ ಎಕ್ಸ್ 4 ಅಂತ ಬರೆದಿದ್ದರೆ ಸಿಡಿಯುವ ನೀರು ತಡೆಯುತ್ತದೆ, ಜಡಿಮಳೆಯನ್ನಲ್ಲ. ಹೊಂಡದ ನೀರಿನ ಆಳ ಕಾಣುವುದೂ ಇಲ್ಲ. ಹ್ಯಾಂಡಲ್ ಮೇಲಿನ ಸ್ವಿಚ್ಚುಗಳಿಗೆ ಪ್ಲಾಸ್ಟಿಕ್ ಹೊದಿಕೆ ಹಾಕಿಡಿ. ದಾರಿಯಲ್ಲಿ ತುಂತುರು ಬಂದರೆ ಮನೆ ಮುಟ್ಟುವವರೆಗೆ ಅಷ್ಟು ಸಾಕು.

ಹೊನ್ನಾವರ:
ಪರಿಚಯದವರು ಬಳಸಿದ ಆಫ್‌ರೋಡ್ ಗಾಡಿ ಕಮ್ಮಿ ಬೆಲೆಗೆ ಕೊಡುತ್ತೇನೆ ಅಂದಿದ್ದಾರೆ. ಮಳೆಗಾಲ ಪೂರ್ತಿ ನಿಲ್ಲಿಸಿಟ್ಟಿದ್ದರಂತೆ. ತಗೊಳ್ಳಬಹುದಾ?

ಉತ್ತರ:
ಚಾರ್ಜ್ ಮಾಡದೆ ನಿಲ್ಲಿಸಿದ್ದರೆ ಬ್ಯಾಟರಿ ಸತ್ತಿದೆ ಅಂತಲೇ ಲೆಕ್ಕ ಹಾಕಿ. ಇಂಥ ಗಾಡಿಗಳಲ್ಲಿ ಹೆಚ್ಚಾಗಿ 12 ವೋಲ್ಟಿನ ಎರಡು ಸೀಸದ ಬ್ಯಾಟರಿ ಇರುತ್ತವೆ. ಖಾಲಿಯಾಗಿ ಬಿದ್ದರೆ ಒಳಗಿನ ಫಲಕದ ಮೇಲೆ ಗಟ್ಟಿ ಪದರ ಕಟ್ಟುತ್ತದೆ, ಆಮೇಲೆ ಚಾರ್ಜ್ ನಿಲ್ಲುವುದಿಲ್ಲ. ಮೀಟರ್ ಫುಲ್ ತೋರಿಸಿದರೂ ನಂಬಬೇಡಿ. ನಿಮ್ಮ ತೂಕದ ಒಬ್ಬರನ್ನು ಕೂರಿಸಿ ಒಂದು ಏರು ಹತ್ತಿಸಿ. ಮುಳ್ಳು ಸರ್ರನೆ ಇಳಿದರೆ ಬ್ಯಾಟರಿ ಮುಗಿದಿದೆ. ಅದೇ ಏರಿನ ನಡುವೆ ಹ್ಯಾಂಡಲಿನ ಲಿವರ್‌ನಿಂದ ಕೈ ತೆಗೆಯಲು ಹೇಳಿ. ಗಾಡಿ ಅಲ್ಲೇ ನಿಲ್ಲಬೇಕು, ಒಂದು ಗೇಣು ಕೂಡ ಹಿಂದೆ ಜಾರಬಾರದು. ಜಾರಿದರೆ ಎಷ್ಟೇ ಕಮ್ಮಿ ಬೆಲೆಗೆ ಕೊಟ್ಟರೂ ಬೇಡ ಅನ್ನಿ. ನಿಂತರೆ ಎರಡು ಹೊಸ ಬ್ಯಾಟರಿ ಬೆಲೆ ಕಳೆದು ಮಾತಾಡಿ. ಆ ಕಂಪನಿಯ ಟೈರ್, ಚಾರ್ಜರ್ ಈಗಲೂ ಸಿಗುತ್ತದಾ ಅಂತ ದುಡ್ಡು ಕೊಡುವ ಮೊದಲೇ ವಿಚಾರಿಸಿ.