ತಾತನ ಟ್ರಂಕಿನಲ್ಲಿ ಸ್ಟ್ಯಾಂಪು ಸಿಕ್ಕಿವೆ, ತಿಳಿದವರು ಹೇಳಿ

ಕೇಳಿದವರು, ಹಾಸನ:
ನಮ್ಮ ತಾತ ಸಕಲೇಶಪುರದ ಹತ್ತಿರ ಕಾಫಿ ತೋಟವೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ಮೊನ್ನೆ ಅವರ ಟ್ರಂಕು ತೆಗೆದೆವು. ಎರಡು ಆಲ್ಬಮ್, ಹಾರ್ಲಿಕ್ಸ್ ಬಾಟಲಿ ತುಂಬ ಬಿಡಿ ಸ್ಟ್ಯಾಂಪು, ಜೊತೆಗೆ ದಾರ ಕಟ್ಟಿದ ಹಳೇ ಕಾಗದಗಳ ಕಟ್ಟು. ಹಳೇ ನಾಣ್ಯ ಕೊಳ್ಳುವವರೊಬ್ಬರು ಕಟ್ಟು ಬಿಚ್ಚದೆ ಮೇಲಿಂದ ನೋಡಿ ‘ಎಲ್ಲಾ ಸೇರಿ ಎರಡು ಸಾವಿರ’ ಎಂದರು. ಯೂಟ್ಯೂಬ್ ನೋಡಿದರೆ ಒಂದೊಂದಕ್ಕೂ ಲಕ್ಷ ಅಂತಾರೆ! ಯಾರನ್ನು ನಂಬೋದು? ಏಳನೇ ಕ್ಲಾಸಿನ ಮಗ ಬೇರೆ ‘ಮಾರಬೇಡಮ್ಮ, ನಂಗೆ ಬೇಕು’ ಎಂದು ಹಿಂದೆ ಬಿದ್ದಿದ್ದಾನೆ.

ಚಿಕ್ಕಮಗಳೂರಿನಿಂದ:
ಆ ಕಟ್ಟಿನ ಕಾಗದಗಳಿಂದ ಸ್ಟ್ಯಾಂಪು ಕಿತ್ತಿಲ್ಲ ತಾನೇ? ಕಿತ್ತಿಲ್ಲದಿದ್ದರೆ ದಯವಿಟ್ಟು ಹಾಗೇ ಬಿಡಿ ಅಕ್ಕಾ. ನಾನು ಪಿಯುಸಿಯಲ್ಲಿದ್ದಾಗ ಅಜ್ಜನ ಕಾಗದಗಳನ್ನೆಲ್ಲ ಬಕೆಟ್ ನೀರಿಗೆ ಹಾಕಿ ಸ್ಟ್ಯಾಂಪು ಬಿಡಿಸಿದೆ. ಹಳೇ ಪೇಪರ್ ಮೇಲೆ ಸಾಲಾಗಿ ಒಣಗಿಸಿ ಹೆಮ್ಮೆಪಟ್ಟಿದ್ದೂ ಆಯಿತು. ಕವರುಗಳು ಒಲೆಗೆ ಹೋದವು. ಅದರಲ್ಲಿ ಒಂದರ ವಿಳಾಸ ಈಗಲೂ ಕಣ್ಣಿಗೆ ಕಟ್ಟಿದಂತಿದೆ, ಊರಿನ ಹೆಸರಿನ ಕೆಳಗೆ ‘ಕಡೂರು ಜಿಲ್ಲೆ’ ಎಂದು ಬರೆದಿತ್ತು. 1947ರವರೆಗೆ ನಮ್ಮ ಜಿಲ್ಲೆಗೆ ಅದೇ ಹೆಸರು. ಉಳಿದಿದ್ದು ಆರನೇ ಜಾರ್ಜ್ ದೊರೆಯ ಮಾಮೂಲಿ ಸ್ಟ್ಯಾಂಪುಗಳು, ಎಲ್ಲಿ ಬೇಕಾದರೂ ಸಿಗುವಂಥವು. ಊರಿನ ಮೊಹರು, ತಾರೀಕು, ವಿಳಾಸ ಎಲ್ಲಾ ಇರುವ ಪೂರ್ತಿ ಕವರು ಬೇರೆಯೇ ಲೆಕ್ಕ.

ಇನ್ನು ಬೆಲೆ. ಹಳೇದೆಲ್ಲ ಅಪರೂಪ ಅಲ್ಲ. ಜಗತ್ತಿನ ಮೊದಲ ಸ್ಟ್ಯಾಂಪು ಪೆನ್ನಿ ಬ್ಲ್ಯಾಕ್, 1840ರದ್ದು. ಆದರೆ ಸುಮಾರು 6.8 ಕೋಟಿ ಅಚ್ಚಾಗಿತ್ತು, ಹಾಗಾಗಿ ಇವತ್ತಿಗೂ ಹುಡುಕಿದರೆ ಸಿಗುತ್ತೆ. ಅದೇ 1856ರ ಬ್ರಿಟಿಷ್ ಗಯಾನಾದ ಒಂದು ಸೆಂಟಿನ ಸ್ಟ್ಯಾಂಪು ನೋಡಿ. ಗೊತ್ತಿರುವಂತೆ ಉಳಿದಿರೋದು ಒಂದೇ ಒಂದು, 2021ರಲ್ಲಿ 83 ಲಕ್ಷ ಡಾಲರಿಗೆ ಹೋಯಿತು. ನಮ್ಮಲ್ಲೇ 1948ರ ಆಗಸ್ಟ್ 15ಕ್ಕೆ ಗಾಂಧೀಜಿಯ ನಾಲ್ಕು ಸ್ಟ್ಯಾಂಪು ಬಂದವು, ಸ್ವಿಟ್ಜರ್ಲೆಂಡಿನಲ್ಲಿ ಅಚ್ಚಾಗಿದ್ದು. ಒಂದೂವರೆ ಆಣೆಯದು ಬೇಕಾದಷ್ಟಿದೆ. ಹತ್ತು ರೂಪಾಯಿಯದು ಸಾವಿರಗಳ ಲೆಕ್ಕ. ಆ ಹತ್ತು ರೂಪಾಯಿಯ ಮೇಲೆ ‘ಸರ್ವಿಸ್’, ಅಂದರೆ ಸರ್ಕಾರಿ ಬಳಕೆಗೆ, ಎಂದು ಅಚ್ಚು ಹಾಕಿ ಗವರ್ನರ್ ಜನರಲ್ ಕಚೇರಿಗೆ ಬರೀ 100 ಕೊಟ್ಟಿದ್ದರು. ಅಂಥ ನಾಲ್ಕು ಒಟ್ಟಿಗಿದ್ದ ಪಟ್ಟಿ 2017ರಲ್ಲಿ 5 ಲಕ್ಷ ಪೌಂಡಿಗೆ ಮಾರಾಟವಾಯಿತು. ಯೂಟ್ಯೂಬಿನವರು ಹೇಳುವ ಲಕ್ಷ ಇಂಥವಕ್ಕೆ. ಹತ್ತು ರೂಪಾಯಿ ಗಾಂಧಿ ಸಿಕ್ಕರೂ ಕುಣಿಯಬೇಡಿ, ಅದರ ನಕಲು ಜಾಸ್ತಿ.

ಎರಡು ಸಾವಿರ ಹೇಳಿದವರು ಮೋಸ ಮಾಡಿದರು ಎಂದೂ ನಾನು ಹೇಳಲ್ಲ. ಬಾಟಲಿಗೆ ಮಾತ್ರವಾದರೆ ಅದೇ ಜಾಸ್ತಿ ಇರಬಹುದು! ಸ್ಟ್ಯಾಂಪುಗಳ ಬೆಲೆಪಟ್ಟಿಯ ಪುಸ್ತಕ, ಕ್ಯಾಟಲಾಗ್ ಅಂತಾರಲ್ಲ, ಅದರಲ್ಲಿರೋದು ವ್ಯಾಪಾರಿ ಮಾರುವ ಬೆಲೆ, ನಿಮ್ಮ ಕೈಯಿಂದ ಕೊಳ್ಳುವ ಬೆಲೆ ಅಲ್ಲ. ಆದರೆ ಕಟ್ಟು ಬಿಚ್ಚಿ ನೋಡದೆ ‘ಎಲ್ಲಾ ಸೇರಿ’ ಅಂದರಲ್ಲ, ಅದು ನನಗೆ ಹಿಡಿಸಲಿಲ್ಲ.

ಕಡೂರು, ಅಂಚೆ ಇಲಾಖೆಯಿಂದ ನಿವೃತ್ತ:
ಬಾಟಲಿಯಲ್ಲಿ ಕುಟುಂಬ ಯೋಜನೆಯ 5 ಪೈಸೆ ಸ್ಟ್ಯಾಂಪು ಇದ್ದೇ ಇರುತ್ತೆ. ಬಿಸಾಕುವ ಮುಂಚೆ ಭೂತಗನ್ನಡಿ ಹಿಡಿದು ನೋಡಮ್ಮ. 1971ರ ನವೆಂಬರಿನಲ್ಲಿ ಬಾಂಗ್ಲಾ ನಿರಾಶ್ರಿತರಿಗೆಂದು ಕಾಗದಕ್ಕೆ 5 ಪೈಸೆ ಹೆಚ್ಚುವರಿ ಹಾಕಿದರು. ಬೇರೆ ಸ್ಟ್ಯಾಂಪು ಅಚ್ಚಾಗಿ ಬರುವ ತನಕ ಇದರ ಮೇಲೆಯೇ ‘ರೆಫ್ಯೂಜಿ ರಿಲೀಫ್’ ಎಂದು ಒತ್ತಿ ಕೊಟ್ಟರು. ಕೆಲವು ಕಡೆ ರಬ್ಬರ್ ಮೊಹರಿನಲ್ಲೇ ಒತ್ತಿದ್ದುಂಟು. ನಾನಾಗ ಹೊಸಬ, ಕೈಗೆಲ್ಲಾ ಇಂಕು. ಅವುಗಳಲ್ಲಿ ಕೆಲವಕ್ಕೆ ಈಗ ಒಳ್ಳೇ ಬೇಡಿಕೆ ಇದೆ. ರಬ್ಬರ್ ಮೊಹರು ಯಾರು ಬೇಕಾದರೂ ಮಾಡಿಸಬಹುದು ನೋಡಿ, ಅದಕ್ಕೇ ಇದೂ ಕವರಿನ ಮೇಲಿದ್ದು ತಾರೀಕು ಹೊಂದಿದರೆ ನಂಬಬಹುದು.

ಹಾಸನ, ಹೈಸ್ಕೂಲ್ ಮೇಡಂ:
ಮಗ ಏಳನೇ ಕ್ಲಾಸಲ್ವಾ? ಅಂಚೆ ಇಲಾಖೆಯ ದೀನ್ ದಯಾಳ್ ಸ್ಪರ್ಶ್ ಸ್ಕಾಲರ್‌ಶಿಪ್ ವಿಚಾರಿಸಿ. ಆರರಿಂದ ಒಂಬತ್ತನೇ ಕ್ಲಾಸಿನ ಮಕ್ಕಳಿಗೆ, ವರ್ಷಕ್ಕೆ 6,000 ರೂಪಾಯಿ. ಕ್ವಿಜ್ ಇರುತ್ತೆ, ಆಮೇಲೆ ಪ್ರಾಜೆಕ್ಟ್. ಶಾಲೆಯಲ್ಲಿ ಫಿಲಾಟೆಲಿ, ಅಂದರೆ ಸ್ಟ್ಯಾಂಪು ಸಂಗ್ರಹದ, ಕ್ಲಬ್ ಇರಬೇಕು. ಇಲ್ಲದಿದ್ದರೆ ಹುಡುಗನ ಹೆಸರಲ್ಲಿ ಫಿಲಾಟೆಲಿ ಡೆಪಾಸಿಟ್ ಅಕೌಂಟ್ ಇದ್ದರೂ ನಡೆಯುತ್ತೆ. ಅಕೌಂಟ್ ಮಾಡಿಸಿದರೆ ಹೊಸ ಸ್ಟ್ಯಾಂಪುಗಳು ಮನೆಗೇ ಬರುತ್ತವೆ. ನಮ್ಮ ಶಾಲೆಯ ಹುಡುಗನೊಬ್ಬ 1981ರ ಗೊಮ್ಮಟೇಶ್ವರ ಸ್ಟ್ಯಾಂಪು ಹಿಡಿದುಕೊಂಡು ಬಂದು ‘ಮಿಸ್, ನಮ್ಮ ಬೆಳಗೊಳ!’ ಎಂದಿದ್ದ. ಒಂದು ರೂಪಾಯಿಯ ಸ್ಟ್ಯಾಂಪು. ಪಾಠ ಅಲ್ಲೇ ನಿಂತಿತು.

ಮೂಡಿಗೆರೆಯಿಂದ:
ಬೆಲೆ ಆಮೇಲೆ, ಮೊದಲು ತೇವ ನೋಡಿಕೊಳ್ಳಿ. ನಮ್ಮ ಕಡೆ ಜುಲೈ ಮಳೆ ಹಿಡಿದರೆ ಬೀರುವಿನ ಬಟ್ಟೆಗೇ ಬೂಷ್ಟು. ನನ್ನ ಬಳಸದ ಸ್ಟ್ಯಾಂಪುಗಳ ಹಿಂದಿನ ಅಂಟು ಕರಗಿ ಆಲ್ಬಮ್ ಹಾಳೆಗೆ ಕಚ್ಚಿಕೊಂಡವು. ಬಿಡಿಸಿದೆ, ಅಂಟು ಹೋಯಿತು. ಅಂಟು ಹೋದರೆ ಬೆಲೆಯೂ ಹೋದಂತೆ. ಈಗ ಅಂಟಿಸದೆ ಪಟ್ಟಿಯೊಳಗೆ ಸಿಕ್ಕಿಸುವ ಸ್ಟಾಕ್ ಬುಕ್ಕಿನಲ್ಲಿ ಹಾಕಿ ಅದನ್ನು ನಿಲ್ಲಿಸಿ ಇಡುತ್ತೇನೆ, ಪಕ್ಕದಲ್ಲಿ ಸಿಲಿಕಾ ಜೆಲ್ ಪೊಟ್ಟಣ. ಕೈಯಲ್ಲಿ ಮುಟ್ಟಲ್ಲ, ಚಿಮಟದಲ್ಲೇ ಎತ್ತೋದು. ಲ್ಯಾಮಿನೇಷನ್ ಮಾತ್ರ ಮಾಡಿಸಬೇಡಿ, ಕೈ ಮುಗಿಯುತ್ತೇನೆ.

ಅಂದ ಹಾಗೆ, 2017ರ ಕಾಫಿ ಪರಿಮಳದ ಸ್ಟ್ಯಾಂಪು 100 ರೂಪಾಯಿ ಕೊಟ್ಟು ತಗೊಂಡಿದ್ದೆ. ಕಾಫಿ ಬೆಳೆಯುವವಳೇ ಕಾಫಿ ವಾಸನೆಗೆ ದುಡ್ಡು ಕೊಟ್ಟೆ ಎಂದು ಮನೆಯವರು ಇವತ್ತಿಗೂ ಆಡಿಕೊಳ್ಳುತ್ತಾರೆ. ಈಗ ಮೂಸಿದರೆ ಬರೀ ಬೀರು ವಾಸನೆ.

ಕೇಳಿದವರು, ಹಾಸನ:
ಎಲ್ಲರಿಗೂ ಥ್ಯಾಂಕ್ಸ್. ಬಾಟಲಿ ಮಗನಿಗೆ ಕೊಟ್ಟೆ, ನೆಲದ ತುಂಬ ಹರಡಿಕೊಂಡು ಕೂತಿದ್ದಾನೆ. ಕಟ್ಟು ಬಿಚ್ಚಿ ನೋಡಿದೆ, ಹೆಚ್ಚಿನವು ಅಜ್ಜಿ ಬರೆದ ಕಾರ್ಡುಗಳು. ಒಂದರಲ್ಲಿ ಮೆಣಸಿನ ರೇಟು ಕೇಳಿದ್ದಾರೆ, ಕೆಳಗೆ ‘ಸ್ವೆಟರ್ ಹಾಕಿಕೊಳ್ಳಿ’ ಎಂದಿದೆ. ಮೊಹರು ಅರ್ಧ ಅಳಿಸಿ ಕೊನೆಯ ‘ಪುರ’ ಮಾತ್ರ ಕಾಣುತ್ತೆ. ಸಕಲೇಶಪುರ ಇರಬಹುದಾ?

ಕಡೂರು, ಅಂಚೆ ಇಲಾಖೆಯಿಂದ ನಿವೃತ್ತ:
ಕಾರ್ಡನ್ನು ಕಿಟಕಿ ಹತ್ತಿರ ಓರೆಯಾಗಿ ಹಿಡಿದು ಫೋಟೊ ತೆಗೆದು ಹಾಕಮ್ಮ. ಮೊಹರು ಒತ್ತಿದ ಗುರುತು ಇದ್ದರೆ ಕಾಣುತ್ತೆ.